ಬಾಲ್ ಮುಟ್ಟಿಲ್ಲ ಅಂದ್ರೆ ಮುಗೀತಾ?

ಊಟಕ್ಕೆ ಕೂತರೆ ಗಂಟಲಲ್ಲಿ ಇಳೀತಿಲ್ಲ. ಬಾಸ್ಕೆಟ್‌ಬಾಲ್‌ನಲ್ಲಿ ಬಾಲ್ ಇನ್ನೂ ರಿಂಗ್ ಮೇಲೆ ಇರುವಾಗ ಡಿಫೆಂಡರ್ ರಿಂಗ್ ಹಿಂದಿನ ಬೋರ್ಡಿಗೆ ಬಾರಿಸಿದ್ರೆ ಅದು ರೆಫರಿ ಪ್ರಕಾರ "ಏನೂ ಅಲ್ಲ" ಅಂತೆ! ಇದನ್ನ ಕೇಳೋಕೆ ನಾವು ಮಂಡ್ಯದಿಂದ ಬೆಳಗ್ಗೇನೇ ರೈಲು ಹತ್ತಿ ಮೈಸೂರಿಗೆ ಹೋಗಬೇಕಿತ್ತಾ?

ನಮ್ಮ ಹುಡುಗ ರಿಂಗ್ ಹತ್ತಿರಕ್ಕೇ ಹಾರಿ ಎಡಗೈಯಲ್ಲಿ ಲೇಅಪ್ ಹಾಕಿದ. ಬಾಲ್ ರಿಂಗಿನ ಅಂಚಲ್ಲಿ ಕೂತು ಒಳಕ್ಕೆ ವಾಲ್ತಿತ್ತು. ಅವರ ಉದ್ದನೆಯವನು ಹಿಂದಿಂದ ಹಾರಿ ಬೋರ್ಡಿಗೆ ಫಟ್ ಅಂತ ಒಂದು ಕೊಟ್ಟ. ಕಂಬ ಸಮೇತ ಅಲ್ಲಾಡ್ತು, ನೆಟ್ಟು ನಡುಗ್ತು, ಬಾಲ್ ಆಚೆ ಬಿತ್ತು. ನಾವು ಒಂದೇ ಪಾಯಿಂಟ್ ಹಿಂದಿದ್ವಿ.

ವಿಶಲ್ ಆಗಿ ಗಡಿಯಾರ ನಿಂತ ಮೇಲೇನೇ ರೆಫರಿ ಹತ್ರ ಹೋದೆ. ನಾನು ಕ್ಯಾಪ್ಟನ್. ಆಗ ಮರ್ಯಾದೆಯಿಂದ ಮಾತಾಡೋ ಹಕ್ಕು ಕ್ಯಾಪ್ಟನ್‌ಗಿದೆ, ಅಂತರರಾಷ್ಟ್ರೀಯ ಬಾಸ್ಕೆಟ್‌ಬಾಲ್ ಸಂಸ್ಥೆ ಫಿಬಾದ ನಿಯಮದಲ್ಲೇ ಇದೆ. ಕೈ ಬೆನ್ನ ಹಿಂದೆ ಕಟ್ಟಿಕೊಂಡೇ ಕೇಳಿದೆ.

"ಸರ್, ಬೋರ್ಡಿಗೆ ಹೊಡೆದ್ರು."

"ಬಾಲ್ ಮುಟ್ಟಿಲ್ವಲ್ಲ, ಹೋಗೋ."

"ಸರ್, ಇಂಟರ್‌ಫಿಯರೆನ್ಸ್ ಅಲ್ವಾ?"

ಇಂಟರ್‌ಫಿಯರೆನ್ಸ್ ಅಂದ್ರೆ ಬಾಲ್ ಒಳಗೆ ಹೋಗೋದಕ್ಕೆ ನಿಯಮ ಮೀರಿ ಅಡ್ಡಿ ಮಾಡೋದು. ಅದಕ್ಕೆ ರೆಫರಿ ಉತ್ತರಾನೇ ಕೊಡ್ಲಿಲ್ಲ. ಟೇಬಲ್ ಕಡೆ ತಿರುಗಿ, ಎಲ್ಲರಿಗೂ ಕೇಳೋ ಹಾಗೆ, "ನೋಡ್ರಪ್ಪ, ಮಂಡ್ಯದಿಂದ ಬಂದು ನಂಗೆ ರೂಲ್ಸ್ ಹೇಳ್ಕೊಡ್ತಾನೆ" ಅಂದ್ರು. ಸ್ಕೋರ್ ಬರೆಯೋನು ಪೆನ್ನಿನ ಕ್ಯಾಪ್ ಕಚ್ಚಿಕೊಂಡೇ ನಕ್ಕ. ಆಮೇಲೆ ನನ್ನ ಮುಖದ ಮುಂದೆ ಕೈಯಲ್ಲಿ ಟಿ ಮಾಡಿದ್ರು. ಟೆಕ್ನಿಕಲ್, ಅಂದ್ರೆ ನಡತೆ ಸರಿಯಿಲ್ಲ ಅಂತ ಕೊಡೋ ಫೌಲ್! ಅವರಿಗೆ ಒಂದು ಫ್ರೀ ಥ್ರೋ. ನಮ್ಮ ಬೆಂಚಲ್ಲಿದ್ದ ಚಿಕ್ಕ ಹುಡುಗ್ರು ನನ್ನನ್ನೇ ನೋಡ್ತಿದ್ರು.

ಬೋರ್ಡ್ ಅಲುಗಿದ್ದಕ್ಕೇ ಬಾಲ್ ಹೊರಗೆ ಬಿತ್ತಾ ಅನ್ನೋದು ರೆಫರಿ ತೀರ್ಮಾನ, ಒಪ್ತೀನಿ. ಆದರೆ ಅದೇ ನಿಯಮದಲ್ಲಿ ಇನ್ನೊಂದು ಮಾತಿದೆ: ಶಾಟ್ ಹಾಕಿದ ಮೇಲೆ ಬಾಲ್ ರಿಂಗಿಗೆ ತಾಗಿಕೊಂಡಿರೋವಾಗ ಬೋರ್ಡ್ ಮುಟ್ಟಿದ್ರೇ ಇಂಟರ್‌ಫಿಯರೆನ್ಸ್. ಹೊಡೆಯೋದೇ ಬೇಡ, ಮುಟ್ಟಿದ್ರೆ ಸಾಕು. ಮುಟ್ಟಿದವನು ಡಿಫೆಂಡರ್ ಆದ್ರೆ, ಬಾಲ್ ಒಳಗೆ ಬಿದ್ದ ಲೆಕ್ಕದಲ್ಲೇ ಪಾಯಿಂಟ್ ಕೊಡಬೇಕು. ಇದರಲ್ಲಿ ತೀರ್ಮಾನ ಮಾಡೋಕೆ ಏನಿದೆ? ರಿಂಗ್ ಮೇಲೆ ಬಿದ್ದ ಬಲ ಬೋರ್ಡಿಗೆ ದಾಟದ ಹಾಗೆ ರಿಂಗನ್ನ ಕೂರಿಸಬೇಕು ಅನ್ನುತ್ತೆ ಫಿಬಾ. ಆದ್ರೆ ನಮ್ಮ ಕಡೆ ಎಷ್ಟೋ ಕೋರ್ಟಲ್ಲಿ ರಿಂಗನ್ನ ಬೋರ್ಡಿಗೇ ಬೋಲ್ಟ್ ಹಾಕಿ ಬಿಗಿದಿರ್ತಾರೆ. ಒಂದಕ್ಕೆ ಹೊಡೆದ್ರೆ ಇನ್ನೊಂದು ಅಲ್ಲಾಡದೇ ಇರುತ್ತಾ? ಮೊದಮೊದಲು ಬೋರ್ಡ್ ತಂದಿದ್ದೇ ಬಾಲ್ಕನಿಯಲ್ಲಿ ನಿಂತ ಪ್ರೇಕ್ಷಕರು ಬಾಲಿಗೆ ಕೈ ಹಾಕ್ತಾರೆ ಅಂತ, ಈಗ ಅದೇ ಬೋರ್ಡಿಗೆ ಬಡಿದು ಬಾಲ್ ಬೀಳಿಸ್ತಾರೆ!

ಬಿಡಿ, ಸೋತಿದ್ದಾಯ್ತು. ಪ್ರೊಟೆಸ್ಟ್ ಅಂತ ಸ್ಕೋರ್‌ಶೀಟಿಗೆ ಸಹಿ ಹಾಕಿದ್ರೂ ಇಂಥದ್ದನ್ನ ಯಾರೂ ಕೈಗೆತ್ತಿಕೊಳ್ಳಲ್ಲ. ನಮ್ಮ ಕೋಚೂ "ಸುಮ್ನಿರಪ್ಪ, ಮುಂದಿನ ಸಲ ನೋಡೋಣ" ಅಂದ್ರು. ಸುಮ್ನಿರ್ತೀನಿ.

ಇಲ್ಲ, ಯಾಕೆ ಸುಮ್ನಿರಬೇಕು? ಮಾತಾಡಿದ ನನಗೆ ಶಿಕ್ಷೆ, ಬೋರ್ಡಿಗೆ ಬಡಿದವನಿಗೆ ಬೆನ್ನು ತಟ್ಟೋದು! ಇದನ್ನ ಓದ್ತಿರೋರಲ್ಲಿ ರೆಫರಿಗಳಿದ್ರೆ ದಯವಿಟ್ಟು ಹೇಳಿ, ಅದು ಯಾವ ನಿಯಮದ ಪ್ರಕಾರ "ಏನೂ ಅಲ್ಲ"? ಒಬ್ಬರಾದ್ರೂ ಹೇಳಿ. ಭಾನುವಾರ ಮತ್ತೆ ಮ್ಯಾಚಿದೆ, ಅವರೇ ಬರ್ತಾರಂತೆ. ಇದೇ ನಡೆದ್ರೆ ಮತ್ತೆ ಹೋಗಿ ಕೇಳ್ತೀನಿ. ಎರಡು ಟೆಕ್ನಿಕಲ್ ಕೊಟ್ಟು ಕೋರ್ಟಿಂದ ಆಚೆ ಕಳಿಸಿದ್ರೆ ಕಳಿಸ್ಲಿ.