ಸಣ್ಣತ್ತೆಯ ಅಸು

ನಮ್ಮ ಚಿಕ್ಕಪ್ಪನಿಗೆ ಫೋನಿನಲ್ಲಿ ಟೈಪ್ ಮಾಡಲು ಆಗುವುದಿಲ್ಲ. ಕಬ್ಬು ಕಡಿದು ಕಡಿದು ದಪ್ಪಗಾದ ಬೆರಳು. ಒಂದು ಅಕ್ಷರ ಒತ್ತಿದರೆ ಅಕ್ಕಪಕ್ಕದ ಮನೆಯವರೂ ಎದ್ದು ಬರುತ್ತಾರೆ. ಇದನ್ನು ನೋಡಲಾರದೆ ಮೊಮ್ಮಗಳು ಕೀಬೋರ್ಡಿನ ಮೈಕ್ ತೋರಿಸಿಕೊಟ್ಟಳು. ಒತ್ತಿ ಮಾತಾಡಿದರೆ ಆಯ್ತು, ಫೋನೇ ಬರೆದುಕೊಳ್ಳುತ್ತದೆ. ಆದರೆ ಚಿಕ್ಕಪ್ಪ ಆಡುವುದು ಮಂಡ್ಯದ ಕನ್ನಡ. ಫೋನು ಕಲಿತದ್ದು ಯಾವೂರ ಕನ್ನಡವೋ!

ಮೊದಲ ಏಟು ಬಿದ್ದದ್ದು ನನಗೇ. ಮೈಸೂರಿನಿಂದ ಊರಿಗೆ ಹೊರಟಿದ್ದೆ. 'ನೆಂಟರು ಬಂದಿದ್ದಾರೆ ಆಲೂ ತಂದುಬಿಡು' ಅಂತ ಮೆಸೇಜ್ ಬಂತು. ಮೂರು ಕೆಜಿ ಆಲೂಗಡ್ಡೆ ಹೊತ್ತುಕೊಂಡು ಹೋದೆ. ಹಾಲೆಲ್ಲ ಡೈರಿಗೆ ಹಾಕಿ ಮುಗಿದಿತ್ತಂತೆ, ಕಾಫಿಗೆ ಎರಡು ಪ್ಯಾಕೆಟ್ ಬೇಕಿತ್ತಂತೆ. ನೆಂಟರು ಬರೀ ಡಿಕಾಕ್ಷನ್ ಕುಡಿದು, ಬೋಂಡ ತಿಂದು ಹೋದರು.

ನಮ್ಮ ಕಡೆ 'ಹ'ಕ್ಕೆ ಅಷ್ಟು ಮರ್ಯಾದೆ ಇಲ್ಲ. ನಗುವವರು ನಗಲಿ. ಹಳಗನ್ನಡದಲ್ಲಿ ಹಾಲು 'ಪಾಲ್' ಆಗಿತ್ತು. ಆಮೇಲೆ 'ಪ' ಹೋಗಿ 'ಹ' ಬಂತು, ಹಾಲಾಯಿತು. ಪುಲಿ ಹುಲಿಯಾಯಿತು, ಪಳ್ಳಿ ಹಳ್ಳಿಯಾಯಿತು. ಅರ್ಧಕ್ಕೆ ನಿಂತಿದ್ದ ಆ ಕೆಲಸವನ್ನು ನಮ್ಮವರು ಮುಂದುವರಿಸಿ 'ಆಲು' ಮಾಡಿದ್ದಾರೆ, ಅಷ್ಟೇ. ನಾನೂ ಮೈಸೂರಿಗೆ ಬಂದು 'ಹ' ಕಲಿತವನೇ. ಸಿಟ್ಟು ಬಂದರೆ ಇವತ್ತಿಗೂ ಉದುರಿಹೋಗುತ್ತದೆ.

ನಮ್ಮ ಮನೆಯವರ ವಾಟ್ಸಾಪ್ ಗ್ರೂಪಿನಲ್ಲಿ ನಲವತ್ಮೂರು ಜನ. ಬೆಳಗಾದರೆ ಶುಭೋದಯ, ಮಳೆಗಾಲವಾದರೆ ಕನ್ನಂಬಾಡಿ ಕಟ್ಟೆಯ ನೀರಿನ ಮಟ್ಟ. 124.80 ಅಡಿ ತುಂಬುವ ತನಕ ದಿನಾ ಯಾರಾದರೊಬ್ಬರು ಹಾಕುತ್ತಲೇ ಇರುತ್ತಾರೆ. ನಾಲೆ ನೀರಿಗೂ ತನಗೂ ಸಂಬಂಧವೇ ಇಲ್ಲದ, ಅಮೆರಿಕದಲ್ಲಿ ಕೂತ ದೊಡ್ಡಪ್ಪನ ಮಗ ಮೊದಲು ಹೆಬ್ಬೆರಳು ಎತ್ತುತ್ತಾನೆ. ಅವನಿಗೆ ಎಲ್ಲದರಲ್ಲೂ ಮೊದಲಿಗನಾಗುವ ಚಟ.

ಅವರೆಕಾಯಿ ಕಾಲದ ಒಂದು ಭಾನುವಾರ. ಬೆಳಗ್ಗೆ ಏಳಕ್ಕೆ ಚಿಕ್ಕಪ್ಪನ ಮೆಸೇಜ್:

'ಸಣ್ಣತ್ತೆ ಅಸು ಹೋಯ್ತು ಎಪ್ಪತ್ತಕ್ಕೆ.'

ನನ್ನ ಕೈಯಲ್ಲಿದ್ದ ಕಾಫಿ ಹಾಗೇ ನಿಂತಿತು. ಸಣ್ಣತ್ತೆಗೆ ಎಪ್ಪತ್ತೋ ಎಪ್ಪತ್ತೊಂದೋ ಇರಬೇಕು. ಆಧಾರ್ ಕಾರ್ಡಿನಲ್ಲಿ, ಊರಿನ ಅರ್ಧ ಜನರ ಹಾಗೆ, ಜನವರಿ ಒಂದನೇ ತಾರೀಕು. ಚಿಕ್ಕಪ್ಪ ಇಷ್ಟು ಗಂಭೀರವಾಗಿ 'ಅಸು' ಅಂತೆಲ್ಲ ಬರೆದದ್ದು ನೋಡಿ, ಪಾಪ, ದುಃಖದಲ್ಲಿ ಪೇಪರ್ ಭಾಷೆ ಬಂದಿದೆ ಅಂದುಕೊಂಡೆ.

ಅಮೆರಿಕದವನು ಆಗಲೇ 'ಓಂ ಶಾಂತಿ' ಹಾಕಿಯಾಗಿತ್ತು. ಕೈಮುಗಿದ ಚಿತ್ರಗಳು ಸಾಲುಗಟ್ಟಿ ಬಂದವು. ಬೆಂಗಳೂರಿನ ಅಕ್ಕ, 'ಅಯ್ಯೋ, ಇಷ್ಟು ಬೇಗ ಹೋಗಬಾರದಿತ್ತು' ಅಂತ ಬರೆದಳು. ಅದಕ್ಕೆ ಚಿಕ್ಕಪ್ಪನ ಉತ್ತರ: 'ಎಂಬತ್ತಕ್ಕೆ ಹೋಗೋದು ಹಲ್ಲು ನೋಡಿಬಿಟ್ರು.'

ಗ್ರೂಪು ಒಂದು ನಿಮಿಷ ಸುಮ್ಮನಾಯಿತು. ಹಲ್ಲು ನೋಡಿದ ಡಾಕ್ಟರು ಯಾರು, ಯಾವ ಆಸ್ಪತ್ರೆ ಅಂತ ಒಬ್ಬರು ಕೇಳಿದರು. ಇನ್ನೊಬ್ಬರು ಹಲ್ಲಿನ ಸೋಂಕು ಹೃದಯಕ್ಕೆ ಇಳಿಯುವ ಬಗ್ಗೆ ಉದ್ದನೆಯ ಫಾರ್ವರ್ಡ್ ಹಾಕಿದರು. ಹತ್ತೇ ನಿಮಿಷದಲ್ಲಿ ಸಣ್ಣತ್ತೆಯ ಫೋಟೋ ಬಂತು. ಯಾರದೋ ಮದುವೆಯ ಪಂಕ್ತಿಯಿಂದ ಕತ್ತರಿಸಿ ತೆಗೆದದ್ದು. ಎರಡೂ ಕಡೆ ದೀಪ, ಕೆಳಗೆ 'ಭಾವಪೂರ್ಣ ಶ್ರದ್ಧಾಂಜಲಿ'. ಕೈಯಲ್ಲಿದ್ದ ಹೋಳಿಗೆಯ ಚೂರನ್ನು ಅಳಿಸಲು ಮರೆತಿದ್ದರು.

ಹಿಂದೆ ಊರಿಗೆ ತಂತಿ ಬಂದರೆ ಒಡೆದು ನೋಡುವ ಮೊದಲೇ ಹೆಂಗಸರು ಅಳಲು ಶುರುಮಾಡುತ್ತಿದ್ದರಂತೆ. ತಂತಿ ಸೇವೆ 2013ರ ಜುಲೈನಲ್ಲಿ ನಿಂತಿತು. ಓದುವ ಮೊದಲೇ ಅಳುವುದು ನಿಂತಿಲ್ಲ. ಚಿಕ್ಕಪ್ಪನಿಗೆ ಎಲ್ಲರೂ ಫೋನ್ ಮಾಡಿದೆವು, ಯಾರದ್ದೂ ಎತ್ತಲಿಲ್ಲ. ಸಣ್ಣತ್ತೆಯ ನಂಬರ್ ಕೂಡ ಎಲ್ಲರ ಹತ್ತಿರ ಇತ್ತು. ಆದರೆ ಸತ್ತವರಿಗೆ ಯಾರು ಫೋನ್ ಮಾಡುತ್ತಾರೆ?

ದೇವರಾಜ ಮಾರ್ಕೆಟ್ಟಿಗೆ ಹೋಗಿ ಸುಗಂಧರಾಜದ ಹಾರ ತಗೊಂಡೆ. ಚೌಕಾಸಿ ಮಾಡಲಿಲ್ಲ, ಸಾವಿನ ಹಾರಕ್ಕೆ ಮನಸ್ಸು ಬರಲಿಲ್ಲ. ಸ್ಕೂಟರಿನಲ್ಲಿ ಹೊರಟೆ. 2023ರ ಆಗಸ್ಟಿನಿಂದ ಎಕ್ಸ್‌ಪ್ರೆಸ್‌ವೇಗೆ ಎರಡು ಚಕ್ರದವರನ್ನು ಬಿಡುವುದಿಲ್ಲ. ಪಕ್ಕದ ಸರ್ವಿಸ್ ರಸ್ತೆಯೇ ಗತಿ. ಹಾರದ ಕವರು ಹ್ಯಾಂಡಲಿಗೆ ತೂಗಾಡುತ್ತಿತ್ತು. ಶ್ರೀರಂಗಪಟ್ಟಣ ದಾಟುವಾಗ ಕಣ್ಣು ಮಂಜಾಗಿತ್ತು. ಬೇಸಿಗೆ ರಜೆಯಲ್ಲಿ ಸಣ್ಣತ್ತೆ ಸುಡುತ್ತಿದ್ದ ಅಕ್ಕಿ ರೊಟ್ಟಿ, ಅದರ ಮೇಲಿನ ಬೆಣ್ಣೆ, ಒಂದೊಂದೇ ನೆನಪಾಯಿತು.

ಮನೆ ಮುಂದೆ ಶಾಮಿಯಾನ ಇಲ್ಲ, ಜನ ಇಲ್ಲ. ಜಗಲಿಯ ಮೇಲೆ ಸಣ್ಣತ್ತೆ ಕೂತು ಅವರೆಕಾಯಿ ಸುಲಿಯುತ್ತಿದ್ದಳು.

ನನ್ನನ್ನು ನೋಡಿದಳು. ಕವರಿನಿಂದ ಇಣುಕುತ್ತಿದ್ದ ಹಾರ ನೋಡಿದಳು.

"ಅಸು ಮಾರುದ್ರೆ ಆರ ತತ್ತಾರೇನ್ಲಾ ಮಗ? ಟೆಂಪೋ ಅತ್ತಿಸಿ ಕಳ್ಸಾಯ್ತಲ್ಲೋ! ಎಪ್ಪತ್ತು ಸಾವ್ರಕ್ಕೆ ಓಯ್ತು."

ಫೋನು ಎಂಥ ಬುದ್ಧಿವಂತ ನೋಡಿ. 'ಓಯ್ತು' ಅನ್ನುವುದನ್ನು ತಿದ್ದಿ 'ಹೋಯ್ತು' ಮಾಡಿತ್ತು. 'ಅಸು'ವಿಗೆ ಮಾತ್ರ ಕೈ ಹಚ್ಚಿರಲಿಲ್ಲ. ನಿಘಂಟಿನಲ್ಲಿ ಅದಕ್ಕೂ ಅರ್ಥ ಇದೆಯಲ್ಲ, ಪ್ರಾಣ ಅಂತ. ಇನ್ನು ಹಲ್ಲು? ದನ ಕೊಳ್ಳುವವರು ವಯಸ್ಸು ತಿಳಿಯಲು ಮೊದಲು ನೋಡುವುದೇ ಹಲ್ಲು.

ವಿಷಯ ಹೇಳದೆ ವಿಧಿಯಿರಲಿಲ್ಲ. ಹೇಳಿದೆ. ಸಣ್ಣತ್ತೆ ಫೋನ್ ಇಸಕೊಂಡು ತನ್ನ ಶ್ರದ್ಧಾಂಜಲಿಯನ್ನು ಬಹಳ ಹೊತ್ತು ನೋಡಿದಳು.

"ಪೋಟ ಚೆನ್ನಾಗದೆ ಕಣ್ಲಾ. ಅಳಿಸ್ಬ್ಯಾಡ, ಮಡಿಕ. ಬೇಕಾಯ್ತದೆ." ಆಮೇಲೆ ಕೇಳಿದಳು, "ನಿಮ್ ದೊಡ್ಡಕ್ಕ ಏನೂ ಆಕಿಲ್ವಾ ನಂಗೆ?"

ದೊಡ್ಡಕ್ಕ ಏನೂ ಹಾಕಿರಲಿಲ್ಲ. ಎರಡೂ ಟಿಕ್ ನೀಲಿಯಾಗಿದ್ದವು. ಇಬ್ಬರಿಗೂ ಈಗ ಮಾತಿಲ್ಲ.

ಹಾರ ಹಾಳಾಗಬಾರದು ಅಂತ ತೀರಿಹೋದ ಮಾವನ ಫೋಟೋಗೆ ಹಾಕಿದೆವು.

ಚಿಕ್ಕಪ್ಪನಿಗೆ ಇದು ಮನಸ್ಸಿಗೆ ನಾಟಿತು. ನನ್ನ ಮಾತು ಶುದ್ಧ ಇಲ್ಲ ಅಂತಲ್ವಾ ಹಿಂಗಾಗಿದ್ದು ಅಂತ ಕೊರಗಿದರು. ಅವರಿಗೆ ಶುದ್ಧ ಕನ್ನಡ ಅಂದರೆ ರೇಡಿಯೋ ಕನ್ನಡ. ಮೈಸೂರಿನ ರೇಡಿಯೋ ಕೇಳಿ ಬೆಳೆದವರು. 1935ರಲ್ಲಿ ಪ್ರೊಫೆಸರ್ ಎಂ.ವಿ. ಗೋಪಾಲಸ್ವಾಮಿಯವರು ಒಂಟಿಕೊಪ್ಪಲಿನ ತಮ್ಮ ಮನೆಯಲ್ಲೇ 30 ವ್ಯಾಟಿನ ಪುಟ್ಟ ಯಂತ್ರ ಇಟ್ಟು ಶುರುಮಾಡಿದ ನಿಲಯ ಅದು. ಆಕಾಶವಾಣಿ ಅಂತ ಹೆಸರಾದದ್ದು ಆ ನಿಲಯಕ್ಕೇ. ಈಗ ನಮ್ಮ ಚಿಕ್ಕಪ್ಪನೂ ಮನೆಯಿಂದಲೇ ಪ್ರಸಾರ ಮಾಡುತ್ತಾರೆ. ಮೈಕ್ ಒತ್ತುವ ಮೊದಲು ಗಂಟಲು ಸರಿಮಾಡಿಕೊಳ್ಳುತ್ತಾರೆ, ಬೆನ್ನು ನೆಟ್ಟಗೆ ಮಾಡುತ್ತಾರೆ. ತಹಸೀಲ್ದಾರರ ಮುಂದೆಯೂ ಬಳಸದ ಬಹುವಚನವನ್ನು ಫೋನಿಗೆ ಬಳಸುತ್ತಾರೆ. ಪಕ್ಕದಲ್ಲಿ ಕೂತ ಚಿಕ್ಕಮ್ಮನ ಹತ್ತಿರ ಮಾತ್ರ ಎಂದಿನಂತೆ, "ಲೇ, ನೀರ್ ಕೊಡೇ".

'ಹ' ತಪ್ಪಬಾರದು ಅಂತ ಈಗ ವಿಪರೀತ ಎಚ್ಚರ. ಬೇಕಾದ ಕಡೆಯೂ ಹಾಕುತ್ತಾರೆ, ಬೇಡದ ಕಡೆಯೂ ಹಾಕುತ್ತಾರೆ. ಮನೆಯಲ್ಲಿ ಸಾಕಿದ ಆಡುಗಳನ್ನು ಮಾರಬೇಕಿತ್ತು. ಹೋದ ವಾರ ಗ್ರೂಪಿಗೆ ಹೀಗೆ ಬಂತು:

'ಎಲ್ಲರಿಗೂ ನಮಸ್ಕಾರ. ನಮ್ಮ ಮನೆಯಲ್ಲಿ ಎರಡು ಹಾಡುಗಳು ಮಾರಾಟಕ್ಕೆ ಇವೆ. ಒಂದು ಹಾಡು ಗಬ್ಬವಾಗಿದೆ. ಬೇಕಾದವರು ಸಂಪರ್ಕಿಸಿ.'

ಅಮೆರಿಕದವನು ಆಗಲೇ ಉತ್ತರ ಕೊಟ್ಟಾಗಿತ್ತು: 'ಸೂಪರ್ ಚಿಕ್ಕಪ್ಪ, ಆಡಿಯೋ ಕಳಿಸಿ.'