ತೊಟ್ಟಿಲು, ಪಂಚೆ ಮತ್ತು ದೊಡ್ಡಮ್ಮನ ತೋಳು

ಹೊಸ ಮೊಬೈಲ್ ತಗೊಂಡವರಿಗೆ ನಮ್ಮ ನೆಂಟರಲ್ಲಿ ಒಂದು ದಂಡ ಇದೆ. ಮುಂದಿನ ಸಮಾರಂಭಕ್ಕೆ ಫೋಟೋ ತೆಗೆಯುವ ಕೆಲಸ ಅವರದ್ದು. ಫೋನಿನ ಬೆನ್ನಿಗೆ ಮೂರು ಕಣ್ಣಿದ್ದರಂತೂ ತಪ್ಪಿಸಿಕೊಳ್ಳುವ ಹಾಗೇ ಇಲ್ಲ.

ನನಗೆ ಆ ದಂಡ ಬಿದ್ದದ್ದು ಅಕ್ಕನ ಮಗುವಿನ ನಾಮಕರಣದ ದಿನ. ಸಾಗರದ ಹತ್ತಿರ ಭಾವನ ಮನೆ. ಪೇಟೆಯಿಂದ ಬರಬೇಕಿದ್ದ ಫೋಟೋದವರು ಬೆಳಿಗ್ಗೆ ಎಂಟಕ್ಕೆ ಫೋನ್ ಮಾಡಿ, ಅದೇ ದಿನ ಒಂದು ಮದುವೆಯನ್ನೂ ಒಪ್ಪಿಕೊಂಡದ್ದು ಈಗ ನೆನಪಾಯಿತು ಎಂದರಂತೆ. ಭಾವ ಸುತ್ತ ನೋಡಿದರು. ಎಲ್ಲರೂ ಬಾಳೆಲೆ ಒರೆಸುವುದರಲ್ಲೋ ಹೂ ಕಟ್ಟುವುದರಲ್ಲೋ ಮುಳುಗಿದ್ದರು. ಜಗಲಿಯಲ್ಲಿ ಸುಮ್ನೆ ಕೂತು ಫೋನ್ ಒತ್ತುತ್ತಿದ್ದವನು ನಾನೊಬ್ಬನೇ.

"ನಿನ್ನದು ಒಳ್ಳೇ ಕ್ಯಾಮೆರಾ ಅಂತೆ, ಅಲ್ವಾ?" ಎಂದರು.

ಹೌದು ಎಂದುಬಿಟ್ಟೆ.

ಮಲೆನಾಡಿನ ಹಳೇ ಮನೆ ಗೊತ್ತಲ್ಲ. ಮಳೆಗೆ ಹೆದರಿ ಕಟ್ಟಿದ್ದು. ಮಾಡು ತಗ್ಗು, ಕಿಟಕಿ ಸಣ್ಣದು, ಒಳಗೆ ಮಟಮಟ ಮಧ್ಯಾಹ್ನವೂ ದೀಪ ಹಚ್ಚುವ ಹೊತ್ತಿನ ಹಾಗೆ. ತೊಟ್ಟಿಲನ್ನು ನಡುಮನೆಯ ತೊಲೆಗೆ ಕಟ್ಟಿದ್ದರು. ಅದರ ಹಿಂದೆಯೇ ಕೋಣೆಯ ಒಂದೇ ಒಂದು ಕಿಟಕಿ. ಆವತ್ತು ಮಳೆ ಬಿಟ್ಟು ಶ್ರಾವಣದ ಬಿಸಿಲು ಒಳಗೆ ಸುರಿಯುತ್ತಿತ್ತು. ಆಹಾ, ಎಂಥ ಬೆಳಕು ಎಂದು ಕಿಟಕಿಗೆ ಎದುರಾಗಿ ನಿಂತು ಹತ್ತು ಫೋಟೋ ಹೊಡೆದೆ.

ಹತ್ತರಲ್ಲೂ ಕಿಟಕಿ ಬಹಳ ಚೆನ್ನಾಗಿ ಬಂದಿತ್ತು. ಸರಳುಗಳನ್ನು ಎಣಿಸಬಹುದಿತ್ತು. ತೊಟ್ಟಿಲು ಇರಬೇಕಾದ ಜಾಗದಲ್ಲಿ ಮಾತ್ರ ದೋಸೆ ಕಾವಲಿಯ ತಳದಂಥ ಕಪ್ಪು.

"ಮಗು ಎಲ್ಲೋ?" ಎಂದಳು ಅಕ್ಕ.

"ಇಲ್ಲೇ ಇದೆ" ಎಂದು ಕಪ್ಪಿನ ಮೇಲೆ ಬೆರಳಿಟ್ಟು ತೋರಿಸಿದೆ. ಅವಳು ನಂಬಲಿಲ್ಲ.

ನಮ್ಮ ಕಣ್ಣು ಬಿಸಿಲನ್ನೂ ನೆರಳನ್ನೂ ಒಟ್ಟಿಗೇ ಸಂಭಾಳಿಸುತ್ತದೆ. ಕ್ಯಾಮೆರಾಕ್ಕೆ ಅಷ್ಟು ತಾಳ್ಮೆ ಇಲ್ಲ. ಕಣ್ಣೆದುರಿನ ಬೆಳಕನ್ನೆಲ್ಲ ಕೂಡಿಸಿ ಒಂದು ಸರಾಸರಿ ಹಾಕುತ್ತದೆ. ಕಿಟಕಿ ಜೋರಾಗಿ ಹೊಳೆದರೆ ಬೆಳಕು ಜಾಸ್ತಿಯಾಯಿತು ಎಂದುಕೊಂಡು ಎಲ್ಲವನ್ನೂ ಕಪ್ಪು ಮಾಡುತ್ತದೆ. ಪಂಕ್ತಿಯಲ್ಲಿ ದೊಡ್ಡ ಗಂಟಲಿನ ಒಬ್ಬರು ಕೂತರೆ ಮಿಕ್ಕವರ ಮಾತು ಕೇಳಿಸದಲ್ಲ, ಹಾಗೆ. ಇದಕ್ಕೆ ಮದ್ದು ಸುಲಭ. ಪರದೆಯ ಮೇಲೆ ಮುಖ ಇರುವ ಕಡೆ ಒಮ್ಮೆ ಬೆರಳು ಒತ್ತಬೇಕು. ಪಕ್ಕದಲ್ಲಿ ಪುಟ್ಟ ಸೂರ್ಯ ಕಾಣುತ್ತಾನೆ. ಅವನನ್ನು ಸ್ವಲ್ಪ ಮೇಲಕ್ಕೆ ಎಳೆಯಬೇಕು. ಮುಖ ಬೆಳಗುತ್ತದೆ, ಕಿಟಕಿ ಬೆಳ್ಳಗಾಗಿ ಹಾಳಾಗುತ್ತದೆ. ಹೋಗಲಿ ಬಿಡಿ, ನಾಮಕರಣ ಕಿಟಕಿಗಲ್ಲ.

ಅದಕ್ಕಿಂತ ಒಳ್ಳೆಯದು ಜಾಗ ಬದಲಿಸುವುದು. ತೊಟ್ಟಿಲು ಅಲ್ಲಾಡುತ್ತದೆ, ಆದರೆ ಜಾಗ ಬಿಡುವುದಿಲ್ಲ. ಹಾಗಾಗಿ ನಾನೇ ಜಮಖಾನೆ ಮೇಲೆ ಕೂತ ಹೆಂಗಸರನ್ನು ದಾಟಿ ಕಿಟಕಿ ಹತ್ತಿರ ಹೋದೆ. ಕಿಟಕಿಗೆ ಬೆನ್ನು ಹಾಕಿ ನಿಂತರೆ ನನ್ನದೇ ನೆರಳು ಮಗುವಿನ ಮೇಲೆ. ಪಕ್ಕಕ್ಕೆ ಸರಿದರೆ ಸರಳುಗಳ ನೆರಳು ಮುಖದ ಮೇಲೆ ಸಾಲಾಗಿ ಬಿತ್ತು. ಇನ್ನೂ ಹೆಸರೇ ಇಡದ ಮಗು ಆಗಲೇ ಜೈಲು ಸೇರಿದ ಹಾಗೆ ಕಾಣುತ್ತಿತ್ತು.

ಬಿಸಿಲಿಗೆ ಬಿಳಿ ಬಟ್ಟೆ ಅಡ್ಡ ಕಟ್ಟಿದರೆ ಬೆಳಕು ಮೆತ್ತಗಾಗುತ್ತದೆ, ಗೆರೆ ಹೊಡೆದಂಥ ನೆರಳು ಮಾಯವಾಗುತ್ತದೆ ಎಂದು ಎಲ್ಲೋ ಓದಿದ್ದೆ. ಓದಿದ್ದು ಸರಿಯಾಗಿತ್ತು. ನೋಡಿದರೆ ಒಳಕೋಣೆಯಲ್ಲಿ ಗಳದ ಮೇಲೆ ಒಂದು ಬಿಳಿ ಪಂಚೆ ಒಣಗುತ್ತಿತ್ತು. ತೆಗೆದುಕೊಂಡು ಬಂದು ಕಿಟಕಿಗೆ ಸಿಕ್ಕಿಸಿದೆ. ಆಹಾ! ಕೋಣೆಗೆಲ್ಲ ಹಾಲಿನಂಥ ಬೆಳಕು. ಮಗುವಿನ ಕೆನ್ನೆಯ ಸಣ್ಣ ಕೂದಲೂ ಕಾಣುವಂಥ ನಾಲ್ಕು ಫೋಟೋ ಸಿಕ್ಕಿತು. ಇಂದಿಗೂ ಅಕ್ಕನ ಮನೆ ಗೋಡೆಯಲ್ಲಿ ಇರುವುದು ಅದರಲ್ಲೇ ಒಂದು.

ಅಷ್ಟರಲ್ಲಿ ಭಾವನ ತಂದೆ ಸ್ನಾನ ಮುಗಿಸಿ ಬಂದರು. ಗಳದ ಕಡೆ ಕೈ ಚಾಚಿದರು. ಕೈಗೆ ಗಾಳಿ ಸಿಕ್ಕಿತು.

ಅದು ಮಡಿ ಪಂಚೆ. ಹಿಂದಿನ ದಿನವೇ ಒಗೆದು, ಯಾರೂ ಮುಟ್ಟದ ಹಾಗೆ ಕೋಲಿನಿಂದ ಎತ್ತಿ ಹಾಕಿದ್ದು. ಬಸ್ಸಿನಲ್ಲಿ ಬಂದ ಪ್ಯಾಂಟಿನಲ್ಲೇ ನಾನು ಅದನ್ನು ಅಪ್ಪಿಕೊಂಡು ನಡುಮನೆ ದಾಟಿದ್ದೆ. "ಇದಕ್ಕೆ ಡಿಫ್ಯೂಸರ್ ಅಂತಾರೆ" ಎಂದು ಶುರು ಮಾಡಿದೆ. ಭಾವ ನನ್ನ ಕಾಲು ತುಳಿದರು. ಮುಹೂರ್ತಕ್ಕೆ ಹೊತ್ತಾಗಿತ್ತು. ಪಾಪ, ಅವರು ಇನ್ನೊಂದು ಪಂಚೆಯನ್ನು ನೀರಿಗೆ ಅದ್ದಿ, ಹಿಂಡಿ, ಒದ್ದೆಯನ್ನೇ ಉಟ್ಟು ಬಂದು ಕೂತರು. ಆವತ್ತಿನ ಎಲ್ಲ ಫೋಟೋದಲ್ಲೂ ಅವರು ಸಣ್ಣಗೆ ನಡುಗುತ್ತಾ ನೇರ ನನ್ನನ್ನೇ ನೋಡುತ್ತಿದ್ದಾರೆ. "ಕ್ಯಾಮೆರಾ ನೋಡಿ" ಎಂದು ಹೇಳಬೇಕಾಗಿ ಬರದಿದ್ದದ್ದು ಅವರೊಬ್ಬರಿಗೆ.

ಕಿವಿಯಲ್ಲಿ ಹೆಸರು ಹೇಳುವ ಹೊತ್ತಿಗೆ ಬಿಸಿಲು ಹೋಗಿ ಮೋಡ ಕವಿದಿತ್ತು. ಕತ್ತಲಲ್ಲಿ ಫೋನು ಬೆಳಕಿಗಾಗಿ ಜಾಸ್ತಿ ಹೊತ್ತು ಕಣ್ಣು ತೆರೆದೇ ಇರುತ್ತದೆ. ಸೆಕೆಂಡಿನ 1/10 ಭಾಗ ಎಂದರೆ ನಮಗೆ ಏನೂ ಅಲ್ಲ, ಆದರೆ ಅಷ್ಟರಲ್ಲಿ ಕೈ ನಡುಗಿದರೆ ಭಾವನಿಗೆ ಎರಡು ಮೂಗು ಬರುತ್ತದೆ. ಬಂತು. ಮೊಣಕೈ ಎರಡನ್ನೂ ಪಕ್ಕೆಗೆ ಒತ್ತಿ, ಕಂಬಕ್ಕೆ ಒರಗಿ, ಉಸಿರು ಹಿಡಿದು ಒತ್ತಬೇಕಿತ್ತು. ನಾನು ಒಂದು ಕೈಯಲ್ಲಿ ಕೋಸಂಬರಿ ದೊನ್ನೆ ಹಿಡಿದಿದ್ದೆ.

ಊಟದ ಫೋಟೋಗಳದ್ದು ಬೇರೆಯೇ ಕಥೆ. ಎಲ್ಲವೂ ಮಂಜು ಮಂಜು. ಪ್ರತಿ ದೀಪದಿಂದಲೂ ಉದ್ದುದ್ದ ಕಿರಣ. ಹೋಳಿಗೆ ಬಡಿಸುವವರು ದೇವಲೋಕದಿಂದ ಇಳಿದು ಬಂದ ಹಾಗಿದ್ದರು. ಫೋನಿನಲ್ಲಿ ಇದ್ಯಾವ ಹೊಸ ಸೌಲಭ್ಯ ಎಂದು ಬಹಳ ಹುಡುಕಿದೆ. ಆಮೇಲೆ ತಿಳಿಯಿತು, ಅಕ್ಕನ ದೊಡ್ಡ ಮಗ ಹೋಳಿಗೆ ತುಪ್ಪದ ಹೆಬ್ಬೆರಳನ್ನು ಲೆನ್ಸಿನ ಮೇಲೆ ಒತ್ತಿ ಹೋಗಿದ್ದ. ನನ್ನ ಪ್ರಕಾರ ಫೋಟೋ ಕಲಿಯುವವರಿಗೆ ಹೇಳಬೇಕಾದ ಮೊದಲ ಪಾಠ ಇದೇ: ತೆಗೆಯುವ ಮುಂಚೆ ಲೆನ್ಸ್ ಒರೆಸಿ. ಮೆತ್ತನೆಯ ಹತ್ತಿ ಬಟ್ಟೆ ಸಾಕು. ಯಾರ ಬಟ್ಟೆ ಎಂದು ಮೊದಲು ಕೇಳಿಕೊಳ್ಳಿ.

ಗ್ರೂಪ್ ಫೋಟೋಕ್ಕೆ ಹದಿನೆಂಟು ಜನ ನಿಂತರು. ನನ್ನ ಹತ್ತಿರ ಒಂದು ಲೆಕ್ಕ ಸಿದ್ಧವಿತ್ತು. ಆಸ್ಟ್ರೇಲಿಯಾದ ನಿಕ್ ಸ್ವೆನ್ಸನ್ ಮತ್ತು ಪಿಯರ್ಸ್ ಬಾರ್ನ್ಸ್ ಎಂಬಿಬ್ಬರು, ಯಾರೂ ಕಣ್ಣು ಮುಚ್ಚದ ಒಂದು ಫೋಟೋ ಸಿಗಬೇಕಾದರೆ ಎಷ್ಟು ಸಲ ಒತ್ತಬೇಕು ಎಂದು ಗಣಿತ ಹಾಕಿ, 2006ರಲ್ಲಿ ನಗೆಯ ನೊಬೆಲ್ ಎನ್ನಬಹುದಾದ ಇಗ್ ನೊಬೆಲ್ ಪಡೆದರು. ಇಪ್ಪತ್ತಕ್ಕಿಂತ ಕಡಿಮೆ ಜನರಿದ್ದರೆ, ಬೆಳಕು ಚೆನ್ನಾಗಿದ್ದಾಗ ತಲೆಗಳನ್ನು ಮೂರರಿಂದ ಭಾಗಿಸಿ, ಮಂದ ಬೆಳಕಾದರೆ ಎರಡರಿಂದ. ಹದಿನೆಂಟು ಜನ, ಮಂದ ಬೆಳಕು, ಒಂಬತ್ತು ಫೋಟೋ. ಇದನ್ನು ವಿವರಿಸಿ ಹೇಳಿದೆ. ವಿವರಿಸುವಷ್ಟರಲ್ಲಿ ಪುರೋಹಿತರು ಆಕಳಿಸಿದರು, ಮೂರು ಮಕ್ಕಳು ಓಡಿಹೋದವು.

ನಮ್ಮ ಅಪ್ಪನ ಕಾಲದಲ್ಲಿ ಒಂದು ರೋಲಿಗೆ 36 ಫೋಟೋ. ಮದುವೆಯನ್ನೇ ಅದರಲ್ಲಿ ಮುಗಿಸಿ, ಉಳಿದ ಎರಡನ್ನು ಕೊಟ್ಟಿಗೆಯ ದನಕ್ಕೆ ಖರ್ಚು ಮಾಡುತ್ತಿದ್ದರು. ಆ ದನಗಳ ಫೋಟೋ ಎಲ್ಲಾ ಎಷ್ಟು ಚೆನ್ನಾಗಿವೆ ಎಂದರೆ! ಅವಕ್ಕೆ ಯಾರೂ ನಗು ಎಂದಿರಲಿಲ್ಲ.

ಇರಲಿ. ಒಂಬತ್ತು ಫೋಟೋ ತೆಗೆದೆ. ಎಂಟನೆಯದರಲ್ಲಿ ಎಲ್ಲರ ಕಣ್ಣೂ ತೆರೆದಿತ್ತು. ಹೆಮ್ಮೆಯಿಂದ ಕುಟುಂಬದ ವಾಟ್ಸಾಪ್ ಗುಂಪಿಗೆ ಹಾಕಿದೆ. ಐದು ನಿಮಿಷಕ್ಕೆ ದೊಡ್ಡಮ್ಮ ಕನ್ನಡಕ ಹಾಕಿಕೊಂಡು ಬಂದರು.

"ನನ್ನ ತೋಳು ಇಷ್ಟಿದೆಯೇನೋ?"

ನೋಡಿದೆ. ಸಾಲಿನ ಎಡಕೊನೆಯಲ್ಲಿ ನಿಂತಿದ್ದ ದೊಡ್ಡಮ್ಮನ ತೋಳು ಹಲಸಿನ ಹಣ್ಣಿನಷ್ಟಾಗಿತ್ತು. ತಪ್ಪು ನನ್ನದೇ. ನನ್ನ ಬೆನ್ನು ಗೋಡೆಗೆ ತಾಗಿತ್ತು, ಹಿಂದೆ ಹೋಗಲು ಜಾಗ ಇರಲಿಲ್ಲ. ಎಲ್ಲರೂ ಹಿಡಿಸಲಿ ಎಂದು 0.5 ಎಂದು ಬರೆದಿರುವ ಅಗಲದ ಲೆನ್ಸ್ ಹಾಕಿದ್ದೆ. ಅದು ನಡುವಿನವರನ್ನು ಹಾಗೇ ಬಿಟ್ಟು ಅಂಚಿನವರನ್ನು ಹಪ್ಪಳದ ಹಾಗೆ ಲಟ್ಟಿಸುತ್ತದೆ. ಎಲ್ಲರನ್ನೂ ಅಂಗಳಕ್ಕೆ ಕರೆದು, ನಾನು ಹತ್ತು ಹೆಜ್ಜೆ ಹಿಂದೆ ಹೋಗಿ, ಮಾಮೂಲಿ ಲೆನ್ಸಿನಲ್ಲೇ ತೆಗೆದಿದ್ದರೆ ಮನೆಯಲ್ಲಿ ಶಾಂತಿ ಇರುತ್ತಿತ್ತು.

"ಅಂಚಲ್ಲಿ ನಿಂತರೆ ಲೆನ್ಸು ಅಗಲ ಮಾಡತ್ತೆ ದೊಡ್ಡಮ್ಮ" ಎಂದೆ.

"ಹಂಗಾದ್ರೆ ಆ ಕಡೆ ಅಂಚಲ್ಲಿರೋ ನಿನ್ನ ಚಿಕ್ಕಮ್ಮ ಯಾಕೆ ಕಡ್ಡಿ ಹಂಗಿದ್ದಾಳೆ?"

ಚಿಕ್ಕಮ್ಮ ಹುಟ್ಟಿನಿಂದಲೇ ಕಡ್ಡಿ. ಲಟ್ಟಿಸಿದ ಮೇಲೂ ಅಷ್ಟೇ ಆಗಿದ್ದಾರೆ. ಇದನ್ನು ದೊಡ್ಡಮ್ಮನಿಗೆ ಹೇಗೆ ಹೇಳುವುದು? ಬಾಯಿ ಮುಚ್ಚಿಕೊಂಡೆ.

ಮರುದಿನ ಎಲ್ಲರೂ ಜೋಗಕ್ಕೆ ಹೊರಟೆವು. ಮಳೆಗಾಲದ ಜೋಗ ಎಂದರೆ ಸುಮ್ನೆ ಅಲ್ಲ. ಶರಾವತಿ 253 ಮೀಟರ್ ಮೇಲಿಂದ ರಾಜ, ರಾಣಿ, ರೋರರ್, ರಾಕೆಟ್ ಎಂದು ನಾಲ್ಕಾಗಿ ಬೀಳುತ್ತದೆ. ನನಗೆ ಬಿದ್ದದ್ದು ಬರೀ ಮಂಜು. ಮೊದಲ ಮೂವತ್ತು ಫೋಟೋ ಬಿಳಿ ಗೋಡೆಯದ್ದು ಎಂದರೂ ನಡೆಯುತ್ತದೆ. ಪಕ್ಕದಲ್ಲಿ ಜೋಳ ಸುಡುತ್ತಿದ್ದ ಹೆಂಗಸು, "ಯಾಕೆ ಅವಸರ, ಗಾಳಿ ಬರ್ಲಿ, ಮಂಜು ಹೋಗ್ತದೆ" ಎಂದಳು. ಅವಳಿಂದ ಒಂದು ಜೋಳ ತಗೊಂಡು ತಿಂದೆ. ಜೋಳ ಮುಗಿಯುವ ಹೊತ್ತಿಗೆ ಗಾಳಿ ಬಂತು, ಪರದೆ ಸರಿದ ಹಾಗೆ ನಾಲ್ಕೂ ಧಾರೆ ಕಂಡವು. ಫೋಟೋ ಬಗ್ಗೆ ನನಗೆ ಸಿಕ್ಕ ಸಲಹೆಗಳಲ್ಲಿ ಇದಕ್ಕಿಂತ ಒಳ್ಳೆಯದು ಇನ್ನೊಂದಿಲ್ಲ.

ಭಾವ ಓಡಿಬಂದು ಕಂಬಿಗೆ ಒರಗಿ ನಿಂತರು. ಮುಖಕ್ಕೆ ಬೆರಳು ಒತ್ತಿದೆ. ಸೂರ್ಯನನ್ನು ಎಳೆದೆ. ಲೆನ್ಸ್ ಒರೆಸಿದೆ. ಮೊಣಕೈ ಪಕ್ಕೆಗೆ ಒತ್ತಿದೆ. ಉಸಿರು ಹಿಡಿದೆ. ಇಷ್ಟೆಲ್ಲ ಮಾಡಿದವನು ಭಾವನ ಹಿಂದೆ ಏನಿದೆ ಎಂದು ಮಾತ್ರ ನೋಡಲಿಲ್ಲ. ರಾಜ ಧಾರೆ ಸರಿಯಾಗಿ ಅವರ ನಡುನೆತ್ತಿಗೆ ಬೀಳುತ್ತಿತ್ತು, ಶಿವನ ಜಟೆಗೆ ಗಂಗೆ ಇಳಿದ ಹಾಗೆ. ನಾನು ಎರಡು ಹೆಜ್ಜೆ ಎಡಕ್ಕೆ ಹೋಗಿದ್ದರೆ ಗಂಗೆ ಅವಳ ಪಾಡಿಗೆ ಪಕ್ಕದಲ್ಲಿ ಇಳಿಯುತ್ತಿದ್ದಳು. ಇನ್ನೊಂದು ತೆಗೆಯೋಣ ಎನ್ನುವಷ್ಟರಲ್ಲಿ ಮಂಜು ಮುಚ್ಚಿತು. ಭಾವನಿಗೆ ಅದೇ ಇಷ್ಟವಾಯಿತು. ಇನ್ನೂ ಅದನ್ನೇ ಡಿಪಿ ಹಾಕಿಕೊಂಡಿದ್ದಾರೆ. ಅವರ ತಂದೆಗೂ ಅದು ಹಿಡಿಸಿತಂತೆ, ಪಂಚೆಯ ಸಿಟ್ಟು ಸ್ವಲ್ಪ ಇಳಿಯಿತು.

ಆದರೆ ಅಂಚಿನ ವಿಷಯ ಎಲ್ಲರಿಗೂ ಗೊತ್ತಾಗಿಹೋಗಿತ್ತು. ಮೊನ್ನೆ ಚಿಕ್ಕಪ್ಪನ ಮನೆ ಗೃಹಪ್ರವೇಶದಲ್ಲಿ ಗ್ರೂಪ್ ಫೋಟೋ ಎಂದ ಕೂಡಲೇ ನೂಕುನುಗ್ಗಲು. ಒಬ್ಬರೂ ಕೊನೆಯಲ್ಲಿ ನಿಲ್ಲಲು ಒಪ್ಪಲಿಲ್ಲ. ದೊಡ್ಡಮ್ಮ ಅರ್ಧ ಗಂಟೆ ಮೊದಲೇ ಕುರ್ಚಿ ತಂದು ಸರಿಯಾಗಿ ನಡುವೆ ಹಾಕಿಕೊಂಡು ಕೂತಿದ್ದರು. ಅಂಗಳ ಇನ್ನೂ ಜಲ್ಲಿ ರಾಶಿ, ಒಳಗೆ ನನ್ನ ಹಿಂದೆ ಮತ್ತೆ ಗೋಡೆ, ಮತ್ತೆ ಅದೇ 0.5.

"ನೀನೂ ಬಾರೋ, ಯಾವ ಫೋಟೋದಲ್ಲೂ ನೀನಿಲ್ಲ" ಎಂದು ಅಕ್ಕ ಕರೆದಳು. ಫೋನನ್ನು ಅಕ್ಕಿ ಡಬ್ಬಿಗೆ ಒರಗಿಸಿದೆ, ಹತ್ತು ಸೆಕೆಂಡಿನ ಟೈಮರ್ ಹಾಕಿದೆ, ಓಡಿದೆ. ನಡುವೆ ಬೆರಳು ತೂರಿಸುವಷ್ಟೂ ಜಾಗ ಇರಲಿಲ್ಲ. ಎಡಕೊನೆಯೊಂದು ಖಾಲಿ ಇತ್ತು.

ಫೋಟೋವನ್ನು ವಾಟ್ಸಾಪ್ ಗುಂಪಿಗೆ ನಾನು ಹಾಕಲಿಲ್ಲ. ದೊಡ್ಡಮ್ಮ ನನ್ನ ಫೋನ್ ಇಸಿದುಕೊಂಡು ತಾವೇ ಹಾಕಿದರು.