ಮೂರೂವರೆ ಗಂಟೆಯ ಅಮೆರಿಕ

ಬೆಂಗಳೂರಿನಿಂದ ಸ್ಯಾನ್ ಫ್ರಾನ್ಸಿಸ್ಕೋ ಎಷ್ಟು ದೂರ ಅಂತ ಕೇಳಿ ನೋಡಿ. ಯಾರೂ ಕಿಲೋಮೀಟರ್ ಹೇಳುವುದಿಲ್ಲ. ‘ಡೈರೆಕ್ಟ್ ವಿಮಾನ ಇದ್ದರೆ ಹದಿನೇಳು ಗಂಟೆ, ದುಬೈ ಮೇಲೆ ಹೋದರೆ ಒಂದು ದಿನ’ ಅನ್ನುತ್ತಾರೆ. ಕಿಲೋಮೀಟರ್ ಏನಿದ್ದರೂ ಪೆಟ್ರೋಲು ಹಾಕಿಸುವವರ ಲೆಕ್ಕ.

ಇರುವುದು ಸುಮಾರು 14,000 ಕಿ.ಮೀ. ಗ್ಲೋಬಿನ ಮೇಲೆ ಎರಡೂ ಊರಿಗೆ ಒಂದು ದಾರ ಎಳೆದು ಬಿಗಿ ಹಿಡಿದರೆ ಅದು ಟಿಬೆಟ್, ಸೈಬೀರಿಯಾ ದಾಟಿ, ಆರ್ಕ್ಟಿಕ್ ಸಮುದ್ರದ ಅಂಚು ಸವರಿ, ಅಲಾಸ್ಕಾ ಕಡೆಯಿಂದ ಕೆಳಗಿಳಿಯುತ್ತದೆ. ಆದರೆ ವಿಮಾನ ದಾರದ ಮಾತು ಕೇಳಬೇಕಲ್ಲ! ಟಿಬೆಟ್ ಮೇಲೆ ಹಾರಲು ಪೈಲಟ್‌ಗಳಿಗೆ ಇಷ್ಟವಿಲ್ಲ. ಒಳಗಿನ ಗಾಳಿಯ ಒತ್ತಡ ತಪ್ಪಿದರೆ ಬೇಗ ಹತ್ತು ಸಾವಿರ ಅಡಿಗೆ ಇಳಿಯಬೇಕು. ಅಲ್ಲಿ ನೆಲವೇ ಅದಕ್ಕಿಂತ ಎತ್ತರ. ಮೇಲಿನ ಗಾಳಿಯೋ, ಹೆಚ್ಚಾಗಿ ಪಶ್ಚಿಮದಿಂದ ಪೂರ್ವಕ್ಕೆ ಬೀಸುವ ಸ್ವಭಾವದ್ದು. ಹೋಗುವಾಗ ಪೆಸಿಫಿಕ್ ಮೇಲೆ ಅದರ ಬೆನ್ನೇರಿ ಹೋಗಬಹುದು. ಬರುವಾಗ ಎದುರಿಗೇ ಸಿಗುತ್ತದೆ, ತಪ್ಪಿಸಿಕೊಳ್ಳಲು ಇನ್ನೂ ಉತ್ತರಕ್ಕೆ ಸರಿಯಬೇಕು. ಅಂದರೆ ಹತ್ತಿರದ ದಾರಿಯೇ ಬೇಗ ತಲುಪಿಸುವ ದಾರಿ ಅಂತೇನಿಲ್ಲ. ಸಿಲ್ಕ್ ಬೋರ್ಡ್ ದಾಟಿ ಆಫೀಸಿಗೆ ಹೋಗುವವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ನನಗೆ ಖುಷಿ ಕೊಡುವುದು ಟಿಕೆಟ್ಟಿನ ಲೆಕ್ಕ. ಚಳಿಗಾಲದಲ್ಲಿ ಅಲ್ಲಿನ ಗಡಿಯಾರ ನಮಗಿಂತ ಹದಿಮೂರೂವರೆ ಗಂಟೆ ಹಿಂದೆ. ಸೋಮವಾರ ಮಧ್ಯಾಹ್ನ 2ಕ್ಕೆ ಇಲ್ಲಿಂದ ಹೊರಟು ಹದಿನೇಳು ಗಂಟೆ ಹಾರಿದರೆ, ಇಳಿಯುವುದು ಅದೇ ಸೋಮವಾರ ಸಂಜೆ 5.30ಕ್ಕೆ. ಕಾಗದದ ಮೇಲೆ ಮೂರೂವರೆ ಗಂಟೆ! ಹಾಸನದ ಬಸ್ಸೂ ಅಷ್ಟರಲ್ಲಿ ತಲುಪುವುದು ಕಷ್ಟ. ನಡುವೆ ಎರಡು ಊಟ, ಒಂದು ಉಪ್ಪಿಟ್ಟು, ನಾಲ್ಕು ಸಿನಿಮಾ, ಊದಿಕೊಂಡ ಕಾಲು. ಎದುರಿನ ಪರದೆಯ ನಕ್ಷೆಯಲ್ಲಿ ವಿಮಾನದ ಚಿತ್ರ ಇಡೀ ಕರ್ನಾಟಕಕ್ಕಿಂತ ದೊಡ್ಡದಾಗಿ ಕೂತಿರುತ್ತದೆ. ಒಂದು ನಿದ್ದೆ ತೆಗೆದು ನೋಡಿದರೂ ಒಂದಿಂಚು ಕದಲಿರುವುದಿಲ್ಲ.

ಕೊಟ್ಟದ್ದನ್ನು ವಾಪಸು ಬರುವಾಗ ಬಡ್ಡಿ ಸಮೇತ ವಸೂಲು ಮಾಡುತ್ತಾರೆ. ಸ್ಯಾನ್ ಫ್ರಾನ್ಸಿಸ್ಕೋದಿಂದ ಬೆಂಗಳೂರಿಗೆ ಏರ್ ಇಂಡಿಯಾದ ಮೊದಲ ನೇರ ವಿಮಾನ ಉತ್ತರ ಧ್ರುವದ ಮೇಲೆ ಹಾದು ಬಂತು. ಕಾಕ್‌ಪಿಟ್‌ನಲ್ಲಿದ್ದವರೆಲ್ಲ ಮಹಿಳೆಯರೇ. ಹೊರಟದ್ದು 2021ರ ಜನವರಿ 9, ಶನಿವಾರ ರಾತ್ರಿ. ಇಳಿದದ್ದು 11ರ ಸೋಮವಾರ ಬೆಳಗಿನ ಜಾವ. ಭಾನುವಾರ ಪೂರ್ತಿ ಆಕಾಶದಲ್ಲೇ ಖರ್ಚು. ರಜೆ ಮುಗಿಸಿ ಬರುವವರಿಗೆ ಇದಕ್ಕಿಂತ ಅನ್ಯಾಯ ಇನ್ನೇನಿದೆ, ಹೇಳಿ.

ಟಿಕೆಟ್ಟಿನಲ್ಲಿ ಬರೆಯದ ಗಂಟೆಗಳೂ ಇವೆ. ಜಯನಗರದಿಂದ ದೇವನಹಳ್ಳಿಗೆ ಎರಡು ಗಂಟೆ. ಮೂರು ಗಂಟೆ ಮೊದಲೇ ಬನ್ನಿ ಅನ್ನುವ ಅಪ್ಪಣೆ. ಅದಕ್ಕೂ ಮೊದಲು ಮನೆಯಲ್ಲಿ ಸೂಟ್‌ಕೇಸನ್ನು ಬಚ್ಚಲುಮನೆಯ ತೂಕದ ಯಂತ್ರದ ಮೇಲೆ ನಿಲ್ಲಿಸಿ, 23 ಕಿಲೋ ದಾಟಿತೆಂದು ಚಟ್ನಿಪುಡಿ ತೆಗೆದು, ಮನಸ್ಸು ತಡೆಯದೆ ಮತ್ತೆ ತುರುಕುವ ಕೆಲಸ.

ನಮ್ಮ ಬೀದಿಯಲ್ಲೊಬ್ಬ ಅಜ್ಜಿ ಗೋಡೆಗೆ ಎರಡು ಗಡಿಯಾರ ಹಾಕಿದ್ದಾರೆ, ಒಂದು ನಮ್ಮದು, ಒಂದು ಮಗಳದು. ಅಲ್ಲಿ ಮಾರ್ಚಿನಲ್ಲಿ ಒಂದು ಗಂಟೆ ಮುಂದಕ್ಕೆ, ನವೆಂಬರಿನಲ್ಲಿ ಹಿಂದಕ್ಕೆ. ಆ ಎರಡು ದಿನ ಸ್ಟೂಲು ಹತ್ತಿ ಮುಳ್ಳು ತಿರುಗಿಸುವುದು ತಾತನ ಪಾಲಿನ ಕೆಲಸ. ‘ಅವರ ಸರ್ಕಾರಕ್ಕೆ ಬೇರೆ ಕೆಲಸ ಇಲ್ವಾ’ ಅಂತ ಗೊಣಗುತ್ತಲೇ ಹತ್ತುತ್ತಾರೆ.